ಮನೆಯಲ್ಲೇ ಹಸಿಮೆಣಸಿನಕಾಯಿ ಉಪ್ಪಿನಕಾಯಿ



ಹೊಲದ ಕೆಲಸ ಮುಗಿಸಿ, ದನಕರುಗಳಿಗೆ ಮೇವು ಹಾಕಿ, ಕೈಕಾಲು ತೊಳೆದುಕೊಂಡು ಕುಳಿತಿರುವ ಹೊತ್ತು ಇದು. ಒಳಗೆ ಮುದ್ದೆಗೆ ಎಸರು ಕುದಿಯುತ್ತಿರಬಹುದು. ಒಲೆಯ ಮುಂದೆ ಇರುವ ತಾಯಂದಿರಿಗೂ ಕೇಳುವ ಹಾಗೆ ರೇಡಿಯೋ ಸ್ವಲ್ಪ ಜೋರು ಮಾಡಿ. ಏಕೆಂದರೆ ಇಂದಿನ ಮಾತು ಅರ್ಧ ಹೊಲದ್ದು, ಅರ್ಧ ಅಡುಗೆಮನೆಯದು. ಹಸಿಮೆಣಸಿನಕಾಯಿಯನ್ನು ಕೆಡದಂತೆ ಉಪ್ಪಿನಕಾಯಿ ಹಾಕುವುದು ಹೇಗೆ, ಹಾಕಿದ್ದನ್ನು ಬಳಸುವುದು ಹೇಗೆ ಎಂಬುದೇ ಇಂದಿನ ವಿಷಯ.

"ಉಪ್ಪಿನಕಾಯಿ ಹಾಕೋದನ್ನ ನಮಗೆ ಈ ಸಾರ್ ಹೇಳಿಕೊಡಬೇಕಾ?" ಎಂದು ಕೆಲವು ತಾಯಂದಿರು ನಗಬಹುದು. ನಗಿ, ತಪ್ಪಿಲ್ಲ. ನಾನು ಈ ಕೆಲಸ ಕಲಿತದ್ದೂ ನಿಮ್ಮಂಥ ಒಬ್ಬ ಅಜ್ಜಿಯಿಂದಲೇ. ಅದೂ ಒಂದು ತಪ್ಪು ಮಾಡಿ, ಬೇರೆಯವರಿಗೆ ನಷ್ಟ ಮಾಡಿಸಿದ ಮೇಲೆ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಹಸಿಮೆಣಸಿನಕಾಯಿ ಬೆಳೆಯುವವರ ಪಾಡು ನಿಮಗೆ ಗೊತ್ತೇ ಇದೆ. ಒಂದು ವಾರ ಸಂತೆಯಲ್ಲಿ ಒಳ್ಳೆಯ ಬೆಲೆ. ಮರುವಾರ ಮೂಟೆ ಇಳಿಸಿದರೆ ಕೇಳುವವರಿಲ್ಲ. ಕಾಯಿ ಬಿಡಿಸಿದ ಕೂಲಿ, ಗಾಡಿ ಬಾಡಿಗೆ ಕಳೆದರೆ ಕೈಯಲ್ಲಿ ಉಳಿಯುವುದು ಖಾಲಿ ಚೀಲ. ಗಿಡದಲ್ಲಿ ಬಿಟ್ಟರೆ ಕಾಯಿ ಹಣ್ಣಾಗುತ್ತದೆ, ಹೊಸ ಹೂವು ಕಡಿಮೆಯಾಗುತ್ತದೆ. ಕಿತ್ತು ಮನೆಯಲ್ಲಿ ಇಟ್ಟರೆ ನಾಲ್ಕು ದಿನಕ್ಕೆ ಬಾಡುತ್ತದೆ, ಆಮೇಲೆ ಕೊಳೆಯುತ್ತದೆ. ಎಕರೆಗಟ್ಟಲೆ ಕಾಯನ್ನೆಲ್ಲ ಜಾಡಿಗೆ ತುಂಬಿರಿ ಎಂದು ಹೇಳಲು ನಾನು ಬಂದಿಲ್ಲ. ಅದು ಆಗದ ಮಾತು. ಆದರೆ ಬೆಲೆ ಬಿದ್ದ ವಾರದಲ್ಲಿ ನಾಲ್ಕೈದು ಕಿಲೋ ಒಳ್ಳೆಯ ಕಾಯನ್ನು ಮನೆಗೆ ತೆಗೆದಿಟ್ಟುಕೊಂಡರೆ, ಮಳೆಗಾಲದಲ್ಲಿ ತರಕಾರಿ ಸಿಗದ ದಿನಗಳಿಗೆ, ಬುತ್ತಿಗೆ, ಬಂದ ನೆಂಟರ ಊಟಕ್ಕೆ ಒಂದು ವ್ಯಂಜನ ಮನೆಯಲ್ಲೇ ಇರುತ್ತದೆ. ಅಂಗಡಿಗೆ ದುಡ್ಡು ಕೊಡುವುದು ತಪ್ಪುತ್ತದೆ.

ಮೆಣಸಿನಕಾಯಿ ನಮ್ಮ ನಾಡಿನ ಹಳೆಯ ಬೆಳೆಯಲ್ಲ. ಇದರ ತವರು ಅಮೆರಿಕಾ ಖಂಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಇದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅದಕ್ಕೆ ಮೊದಲು ನಮ್ಮವರು ಖಾರಕ್ಕೆ ಬಳಸುತ್ತಿದ್ದದ್ದು ಕಾಳುಮೆಣಸು, ಶುಂಠಿ. ಹೊರಗಿನಿಂದ ಬಂದ ಈ ಕಾಯನ್ನು ನಮ್ಮ ಹೆಂಗಸರು ಉಪ್ಪಿನಲ್ಲಿ ಹಾಕಿ, ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿಗೆ ಹರಡಿ ತಮ್ಮದನ್ನಾಗಿ ಮಾಡಿಕೊಂಡರು. ಈ ವಿದ್ಯೆ ಅನೇಕ ತಲೆಮಾರುಗಳಿಂದ ಕೈಯಿಂದ ಕೈಗೆ ಬಂದದ್ದು. ಅದರಲ್ಲಿ ಪ್ರತಿಯೊಂದು ಪದ್ಧತಿಗೂ ಒಂದು ಕಾರಣವಿದೆ. ಕಾರಣ ತಿಳಿಯದೆ ಪದ್ಧತಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನನ್ನ ಕಥೆಯೇ ಸಾಕ್ಷಿ.

ಕೆಲಸಕ್ಕೆ ಸೇರಿದ ಹೊಸತು. ಹಾಸನದ ಕಡೆಯ ಒಂದು ಹಳ್ಳಿ. ಮೆಣಸಿನಕಾಯಿ ಬೆಲೆ ಬಿದ್ದು ಜನ ಬೇಸರದಲ್ಲಿದ್ದರು. ನಾನು ಒಂದು ಮನೆಯ ಜಗುಲಿಯ ಮೇಲೆ ಹೆಂಗಸರನ್ನು ಸೇರಿಸಿ, ಉಪ್ಪಿನಕಾಯಿ ಹಾಕಿ ಎಂದು ಉಪದೇಶ ಮಾಡಿದೆ. "ಉಪ್ಪು ಜಾಸ್ತಿ ತಿಂದರೆ ರಕ್ತದ ಒತ್ತಡ ಬರುತ್ತದೆ, ಕಿಲೋಗೆ ಎರಡು ಹಿಡಿ ಸಾಕು. ಕಾಯನ್ನು ಇಡಿಯಾಗಿ ಹಾಕಿ, ನೋಡಲು ಚೆನ್ನಾಗಿರುತ್ತದೆ, ಸಂತೆಯಲ್ಲೂ ಮಾರಬಹುದು. ಮೇಲೆ ಎಣ್ಣೆ ಸುರಿದರೆ ಏನೂ ಕೆಡುವುದಿಲ್ಲ" ಎಂದೆ. ಆ ಮನೆಯ ಯಜಮಾನಿ ನನ್ನ ಮಾತು ನಂಬಿ ಐದು ಕಿಲೋ ಕಾಯಿ ಹಾಕಿದರು.

ಮೂರು ವಾರದ ಮೇಲೆ ಆ ಊರಿಗೆ ಹೋದೆ. ಯಜಮಾನಿ ಮಾತಾಡದೆ ಜಾಡಿ ತಂದು ನನ್ನ ಮುಂದೆ ಇಟ್ಟರು. ಮುಚ್ಚಳ ತೆಗೆದರೆ ಬುಸ್ ಎಂದು ಗಾಳಿ ಬಂತು, ಜೊತೆಗೆ ಕೆಟ್ಟ ವಾಸನೆ. ಒಂದು ಕಾಯಿ ಹಿಚುಕಿದರೆ ಒಳಗಿನಿಂದ ಲೋಳೆ ನೀರು ಚಿಮ್ಮಿತು. ಮೇಲೆ ಎಣ್ಣೆ ಮಾತ್ರ ತಿಳಿಯಾಗಿ ನಿಂತಿತ್ತು. ಆ ತಾಯಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಸಾರ್, ಕಾಯಿ ಹೋದ್ದಕ್ಕೆ ಬೇಜಾರಿಲ್ಲ, ಅದು ನಮ್ ಗಿಡದ್ದು. ಎಣ್ಣೆ ಅಂಗಡಿ ಸಾಲದ್ದು."

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವರ ಅತ್ತೆ, ವಯಸ್ಸಾದ ಅಜ್ಜಿ, ತಲೆ ಎತ್ತಿ ಕೇಳಿದರು. "ಅಲ್ಲ ಮಗಾ, ಕಾಯಿ ಸೀಳ್ದೆ ಉಪ್ಪು ಹಾಕ್ಸಿದ್ಯಲ್ಲ, ಉಪ್ಪು ಒಳಕ್ಕೆ ಯಾವ ಬಾಗ್ಲಿಂದ ಹೋಗ್ಬೇಕು?" ಅಜ್ಜಿ ಮೊದಲ ದಿನವೇ ಸೊಸೆಗೆ ಈ ಮಾತು ಹೇಳಿದ್ದರಂತೆ. ಸೊಸೆ, "ಓದಿದವ್ರು ಹೇಳವ್ರೆ, ಸುಮ್ಕಿರಿ ಅತ್ತೆ" ಅಂದಿದ್ದರಂತೆ. ನನಗೆ ತಲೆ ಎತ್ತಲು ಆಗಲಿಲ್ಲ. ಎಣ್ಣೆಯ ದುಡ್ಡು ಕೊಡಲು ಹೋದೆ. ಆ ತಾಯಿ ತೆಗೆದುಕೊಳ್ಳಲಿಲ್ಲ. "ದುಡ್ಡು ಬ್ಯಾಡ. ಮುಂದಿನ ವರ್ಷಕ್ಕೆ ಸರಿಯಾದ ಲೆಕ್ಕ ಕೊಡಿ" ಅಂದರು. ಅಜ್ಜಿಯ ಹತ್ತಿರ ಕೇಳಿ, ಬಲ್ಲವರ ಹತ್ತಿರ ವಿಚಾರಿಸಿ, ಪುಸ್ತಕ ನೋಡಿ, ನಾನೇ ಮನೆಯಲ್ಲಿ ಮಾಡಿ ನೋಡಿ ತಯಾರಿಸಿದ ಆ ಲೆಕ್ಕವನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

ಮೊದಲು, ಆ ಜಾಡಿ ಏಕೆ ಕೆಟ್ಟಿತು ಎಂಬುದನ್ನು ತಿಳಿಯೋಣ. ಮಾವಿನಕಾಯಿ, ನಿಂಬೆಹಣ್ಣು ತಾವೇ ಹುಳಿ. ಹುಳಿ ಇರುವಲ್ಲಿ ಕೆಡಿಸುವ ಕ್ರಿಮಿಗಳು ಬೆಳೆಯುವುದು ಕಷ್ಟ. ಮೆಣಸಿನಕಾಯಿಯಲ್ಲಿ ಖಾರವಿದೆ, ಹುಳಿ ಬಹಳ ಕಡಿಮೆ. ಖಾರ ನಮ್ಮ ನಾಲಿಗೆಯನ್ನು ಸುಡುತ್ತದೆಯೇ ಹೊರತು ಕ್ರಿಮಿಗಳನ್ನು ತಡೆಯುವುದಿಲ್ಲ. ಜೊತೆಗೆ ಈ ಕಾಯಿಯ ಹೊಟ್ಟೆ ಟೊಳ್ಳು. ಹೊರಗಿನ ಸಿಪ್ಪೆ ಮೇಣ ಬಳಿದ ಹಾಗೆ ನುಣುಪು. ಇಡೀ ಕಾಯಿ ಹಾಕಿದರೆ ಉಪ್ಪು ಸಿಪ್ಪೆಯ ಹೊರಗೇ ನಿಲ್ಲುತ್ತದೆ. ಒಳಗೆ ಗಾಳಿ, ನೀರಿನ ಪಸೆ, ಬೀಜ ಎಲ್ಲ ಹಾಗೆಯೇ ಇದ್ದು, ಅಲ್ಲೇ ಕೊಳೆಯಲು ಪ್ರಾರಂಭವಾಗುತ್ತದೆ.

ಇನ್ನು ಎಣ್ಣೆಯ ವಿಚಾರ. ಎಣ್ಣೆ ಒಂದು ಹೊದಿಕೆ. ಮೇಲಿನಿಂದ ಗಾಳಿ ತಾಗದಂತೆ ಮಾಡಿ ಬೂಷ್ಟು ಬರುವುದನ್ನು ತಡೆಯುತ್ತದೆ. ಆದರೆ ಗಾಳಿಯಿಲ್ಲದ ಕಡೆಯೇ ಬೆಳೆಯುವ ಕ್ರಿಮಿಗಳೂ ಇವೆ. ಉಪ್ಪು ಸಾಲದೆ, ಹುಳಿಯೂ ಇಲ್ಲದೆ, ಮೇಲೆ ಎಣ್ಣೆ ಮುಚ್ಚಿದರೆ ಅವಕ್ಕೆ ಬೆಚ್ಚನೆಯ ಮನೆ ಕಟ್ಟಿಕೊಟ್ಟ ಹಾಗೆ. ಅವುಗಳಲ್ಲಿ ಬಾಟ್ಯುಲಿನಮ್ ಎಂಬ ಒಂದು ಜಾತಿ ನರಗಳನ್ನು ಕುಗ್ಗಿಸಿ ಉಸಿರಾಟವನ್ನೇ ನಿಲ್ಲಿಸಬಲ್ಲ ವಿಷವನ್ನು ಉಂಟುಮಾಡುತ್ತದೆ. ಆ ವಿಷ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಬರುವುದಿಲ್ಲ. ಇದು ದಿನಾ ಆಗುವ ಸಂಗತಿಯಲ್ಲ. ಆದರೆ ಆದರೆ ಪ್ರಾಣಕ್ಕೇ ಬರುವುದರಿಂದ ಅಳತೆಯಲ್ಲಿ ಜಿಪುಣತನ ಮಾಡಬಾರದು.

ಹಾಗಾದರೆ ಕಾಯನ್ನು ಕಾಯುವವರು ಯಾರು? ಮೂವರು. ಒಂದು ಉಪ್ಪು, ಎರಡು ಹುಳಿ, ಮೂರು ಬಿಸಿಲು. ಈ ಮೂವರಲ್ಲಿ ಯಾರನ್ನು ಕರೆದರೂ, ಕಾಯಿಯ ಹೊಟ್ಟೆಯೊಳಗೆ ಹೋಗಲು ಬಾಗಿಲು ತೆಗೆದುಕೊಡಬೇಕು. ಅಂದರೆ ಕಾಯನ್ನು ಸೀಳಬೇಕು. ಇವತ್ತಿನ ಮಾತಿನಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ಕಾಯಿ ಆರಿಸುವುದು ಮೊದಲು. ಬಲಿತ, ಗಟ್ಟಿಯಾದ, ಹೊಳಪಿರುವ ಹಸಿರು ಕಾಯಿ ಬೇಕು. ಕಪ್ಪು ಚುಕ್ಕೆ ಬಿದ್ದದ್ದು, ಕಾಯಿಕೊಳೆ ತಗುಲಿದ್ದು, ಹುಳು ಕೊರೆದದ್ದು, ಮೆತ್ತಗಾದದ್ದು ಬೇಡವೇ ಬೇಡ. ಮಾರಾಟವಾಗದೆ ಉಳಿದ ಕೆಟ್ಟ ಕಾಯಿ ಉಪ್ಪಿನಕಾಯಿಗೆ ಆಗುತ್ತದೆ ಎಂಬ ಲೆಕ್ಕಾಚಾರ ಬಿಡಿ. ಒಂದು ಕೊಳೆತ ಕಾಯಿ ಇಡೀ ಜಾಡಿಯನ್ನು ಕೆಡಿಸುತ್ತದೆ. ಜ್ವಾಲಾ ಮೊದಲಾದ ಉದ್ದ ಕಾಯಿಗಳೂ, ಬಜ್ಜಿಗೆ ಹಾಕುವ ದಪ್ಪ ಕಾಯಿಯೂ ಉಪ್ಪಿನಕಾಯಿಗೆ ಒಗ್ಗುತ್ತವೆ. ಬ್ಯಾಡಗಿ ಕಾಯಿಯ ಬೆಲೆ ಇರುವುದು ಒಣಗಿದ ಮೇಲೆ ಬರುವ ಬಣ್ಣದಲ್ಲಿ. ಅದನ್ನು ಹಣ್ಣಾಗಿಸಿ ಒಣಗಿಸುವುದೇ ಲಾಭ.

ಇನ್ನೊಂದು ಮುಖ್ಯ ಎಚ್ಚರಿಕೆ. ನುಸಿಗೆ, ಥ್ರಿಪ್ಸ್‌ಗೆ ಔಷಧಿ ಹೊಡೆದಿದ್ದರೆ, ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಎಂದು ಡಬ್ಬಿಯ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ. ಅಷ್ಟು ದಿನ ಕಳೆಯುವ ತನಕ ಮನೆಗೂ ಬೇಡ, ಸಂತೆಗೂ ಬೇಡ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ, ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಔಷಧಿಯ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಉಪ್ಪಿನಕಾಯಿಗೆ, ಉಪ್ಪಿಗೆ, ಎಣ್ಣೆಗೆ ಬಳಸಕೂಡದು.

ಕಾಯಿ ತೊಳೆಯುವುದರಲ್ಲೂ ಕ್ರಮವಿದೆ. ತೊಟ್ಟು ಇರುವಾಗಲೇ ತೊಳೆಯಿರಿ. ತೊಟ್ಟು ಕಿತ್ತು ತೊಳೆದರೆ ಆ ತೂತಿನಿಂದ ನೀರು ಹೊಟ್ಟೆಗೆ ಹೋಗುತ್ತದೆ. ಎರಡು ಮೂರು ನೀರಿನಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಚಾಪೆಯ ಮೇಲೆ ಶುಭ್ರವಾದ ಬಟ್ಟೆ ಹಾಸಿ ನೆರಳಿನಲ್ಲಿ ಆರಿಸಿರಿ. ಬೆಳಿಗ್ಗೆ ತೊಳೆದರೆ ಸಂಜೆ ಹೊತ್ತಿಗೆ ಕೈಗೆ ಪಸೆ ಹತ್ತುವುದಿಲ್ಲ. ಆಗ ತೊಟ್ಟು ತೆಗೆದು, ತುದಿಯಿಂದ ಬುಡದ ಹತ್ತಿರದವರೆಗೆ ಉದ್ದಕ್ಕೆ ಒಂದು ಸೀಳು ಹಾಕಿ. ದೊಡ್ಡ ಕಾಯಾದರೆ ಅಂಗುಲದ ತುಂಡು ಮಾಡಿ.

ಸೀಳುವಾಗ ಕೈ ಉರಿಯುವುದು ಎಲ್ಲರಿಗೂ ಗೊತ್ತು. ಖಾರ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಿ. ಮುಗಿದ ಮೇಲೆ ಮತ್ತೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬರೀ ನೀರು ಸುರಿದುಕೊಂಡರೆ ಉರಿ ಹರಡುತ್ತದೆ. ಎಳೆಮಗು ಇರುವ ತಾಯಂದಿರು ಆ ದಿನ ಸೀಳುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದು ಒಳ್ಳೆಯದು. ಕಣ್ಣಿಗೆ ತಾಗಿದರೆ ಉಜ್ಜದೆ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆಯಬೇಕು.

ಈಗ ಅಳತೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಬಳಪ, ಪೆನ್ಸಿಲು ತರಲು ಹೇಳಿ. ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು, ನಿಂಬೆರಸದ ಉಪ್ಪಿನಕಾಯಿ. ಸೀಳಿದ ಕಾಯಿ ೧ ಕಿಲೋ. ಉಪ್ಪು ೨೦೦ ಗ್ರಾಂ. ನಿಂಬೆರಸ ಕಾಲು ಲೀಟರ್; ಹಣ್ಣು ರಸಭರಿತವಾಗಿದ್ದರೆ ಹನ್ನೆರಡರಿಂದ ಹದಿನೈದು ಬೇಕಾಗುತ್ತದೆ. ಸಾಸಿವೆ ೬೦ ಗ್ರಾಂ, ಮೆಂತ್ಯ ೧೫ ಗ್ರಾಂ, ಅರಿಶಿನ ೧೦ ಗ್ರಾಂ, ಸ್ವಲ್ಪ ಇಂಗು. ಎಣ್ಣೆ ಕಾಲು ಲೀಟರ್. ಎಳ್ಳೆಣ್ಣೆಯಾಗಲಿ, ಕಡಲೆಕಾಯಿ ಎಣ್ಣೆಯಾಗಲಿ ನಿಮ್ಮ ರೂಢಿಯಂತೆ ಇರಲಿ. ಮತ್ತೊಮ್ಮೆ ಮುಖ್ಯವಾದ ಎರಡು ಅಳತೆ ಹೇಳುತ್ತೇನೆ. ಕಿಲೋ ಕಾಯಿಗೆ ಉಪ್ಪು ೨೦೦ ಗ್ರಾಂ, ನಿಂಬೆರಸ ಕಾಲು ಲೀಟರ್. ಮಸಾಲೆಯನ್ನು ನಾಲಿಗೆಗೆ ಬೇಕಾದಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಉಪ್ಪು ಮತ್ತು ರಸವನ್ನು ಕಡಿಮೆ ಮಾಡಬೇಡಿ.

ಉಪ್ಪನ್ನು ಹಿಡಿಯಲ್ಲಿ ಅಳೆಯುವುದು ಬೇಡ. ಅಜ್ಜಿಯ ಹಿಡಿ ಒಂದು, ಮೊಮ್ಮಗಳ ಹಿಡಿ ಇನ್ನೊಂದು. ಹರಳುಪ್ಪಿನ ಒಂದು ಲೋಟಕ್ಕೂ ಪುಡಿಯುಪ್ಪಿನ ಒಂದು ಲೋಟಕ್ಕೂ ತೂಕ ಬೇರೆ. ಅಂಗಡಿಯ ತಕ್ಕಡಿಯಲ್ಲಿ ೨೦೦ ಗ್ರಾಂ ತೂಗಿಸಿ, ಮನೆಯ ಒಂದು ಲೋಟಕ್ಕೆ ಹಾಕಿ ಗುರುತು ಮಾಡಿಕೊಂಡರೆ ಜೀವಮಾನಕ್ಕೆಲ್ಲ ಆಯಿತು. ಹರಳುಪ್ಪಾದರೆ ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಪಸೆ ಆರಿಸಿ, ಕುಟ್ಟಿಕೊಳ್ಳಬೇಕು.

ಜಾಡಿ ಪಿಂಗಾಣಿಯದು ಅಥವಾ ಗಾಜಿನದು ಆಗಬೇಕು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳನ್ನು ಉಪ್ಪು ಹುಳಿ ತಿನ್ನುತ್ತವೆ. ಆ ಲೋಹ ಊಟದೊಳಗೆ ಸೇರುತ್ತದೆ. ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು, ಒಂದು ದಿನ ಬಿಸಿಲಿನಲ್ಲಿ ಬೋರಲು ಹಾಕಿ ಪೂರ್ತಿ ಒಣಗಿಸಿರಿ.

ಕಾಯಿಗೆ ಉಪ್ಪು, ಅರಿಶಿನ ಹಾಕಿ, ಸೀಳಿನ ಒಳಗೂ ತಾಗುವಂತೆ ಚೆನ್ನಾಗಿ ಕಲಸಿ ಜಾಡಿಗೆ ತುಂಬಿ. ಬಾಯಿಗೆ ಬಟ್ಟೆ ಕಟ್ಟಿ ಮೂರು ದಿನ ಬಿಡಿ. ದಿನಕ್ಕೆ ಒಂದು ಸಲ ಒಣಗಿದ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಿ. ಕಾಯಿ ನೀರು ಬಿಡುತ್ತದೆ. ಆ ನೀರನ್ನು ಚೆಲ್ಲಬೇಡಿ, ಅದು ಉಪ್ಪನ್ನು ಒಳಗೆ ಕೊಂಡೊಯ್ಯುವ ನೀರು. ನಾಲ್ಕನೆಯ ದಿನ ಸಾಸಿವೆಯನ್ನೂ ಮೆಂತ್ಯವನ್ನೂ ಬೇರೆ ಬೇರೆಯಾಗಿ ಬೆಚ್ಚಗೆ ಹುರಿದು ಪುಡಿ ಮಾಡಿ. ಮೆಂತ್ಯ ಕಪ್ಪಾದರೆ ಕಹಿ, ಕೆಂಪಗಾದರೆ ಸಾಕು. ನಿಂಬೆರಸವನ್ನು ಬೀಜವಿಲ್ಲದೆ ಸೋಸಿ ಕಾಯಿಗೆ ಸೇರಿಸಿ, ಪುಡಿಗಳನ್ನು ಕಲಸಿ. ಎಣ್ಣೆಯನ್ನು ಹೊಗೆಯಾಡುವ ತನಕ ಕಾಯಿಸಿ, ಇಳಿಸಿ ಇಂಗು ಹಾಕಿ, ಪೂರ್ತಿ ಆರಿದ ಮೇಲೆ ಸುರಿಯಿರಿ. ಕಾಯಿಯೆಲ್ಲ ಕೆಳಗೆ ಮುಳುಗಿ, ಮೇಲೆ ಒಂದು ಬೆರಳು ಎಣ್ಣೆ ನಿಲ್ಲಬೇಕು. ನಿಲ್ಲದಿದ್ದರೆ ಇನ್ನಷ್ಟು ಕಾಯಿಸಿ ಆರಿಸಿ ಸೇರಿಸಿ. ಹದಿನೈದು ಇಪ್ಪತ್ತು ದಿನಕ್ಕೆ ಉಪ್ಪು ಹುಳಿ ಖಾರ ಒಂದಕ್ಕೊಂದು ಹೊಂದಿಕೊಂಡು ಊಟಕ್ಕೆ ಬರುತ್ತದೆ.

ಎರಡನೆಯದು, ವಿನಿಗರ್‌ನಲ್ಲಿ ಹಾಕುವುದು. ಮಲೆನಾಡಿನವರಿಗೆ, ಕರಾವಳಿಯವರಿಗೆ ಸೂಜಿಮೆಣಸು, ಜೀರಿಗೆಮೆಣಸು ಎಂದು ಕರೆಯುವ ಆ ಪುಟ್ಟ ಕಾಯಿ ಗೊತ್ತು. ಕಾಯಿ ಚಿಕ್ಕದು, ಖಾರ ದೊಡ್ಡದು. ಇದನ್ನು ಎಣ್ಣೆಯಿಲ್ಲದೆ ವಿನಿಗರ್‌ನಲ್ಲಿ ಹಾಕಿದರೆ ಚೆನ್ನ. ಮಳೆ ಹೆಚ್ಚಾಗಿ ಬಿಸಿಲು ಸಿಗದ ಕಡೆಗೆ ಈ ವಿಧಾನವೇ ಅನುಕೂಲ. ಅರ್ಧ ಕಿಲೋ ಕಾಯಿಗೆ ಅರ್ಧ ಲೀಟರ್ ವಿನಿಗರ್, ೫೦ ಗ್ರಾಂ ಉಪ್ಪು. ಬಾಟಲಿಯ ಮೇಲೆ ಹುಳಿಯ ಅಂಶ ನೂರಕ್ಕೆ ೪ರಿಂದ ೫ ಎಂದು ಇರಬೇಕು. ಅದಕ್ಕೆ ನೀರು ಬೆರೆಸಬೇಡಿ. ನೀರು ಬೆರೆಸಿದಷ್ಟೂ ಕಾವಲು ದುರ್ಬಲವಾಗುತ್ತದೆ. ಸಣ್ಣ ಕಾಯನ್ನೂ ಒಂದು ಕಡೆ ಸೀಳಿ, ಇಲ್ಲವೇ ಶುಭ್ರವಾದ ಸೂಜಿಯಿಂದ ಮೂರು ನಾಲ್ಕು ಕಡೆ ಚುಚ್ಚಿ. ವಿನಿಗರ್ ಮತ್ತು ಉಪ್ಪನ್ನು ಸ್ಟೀಲ್ ಪಾತ್ರೆಯಲ್ಲಿ ಒಂದು ಕುದಿ ಬರಿಸಿ. ಗಾಜಿನ ಬಾಟಲಿಯನ್ನು ಮೊದಲು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಒರೆಸಿಕೊಂಡು, ಅದರಲ್ಲಿ ತುಂಬಿದ ಕಾಯಿಯ ಮೇಲೆ ಬಿಸಿಯಾಗಿ ಸುರಿಯಿರಿ. ತಣ್ಣನೆಯ ಗಾಜಿಗೆ ಒಮ್ಮೆಲೇ ಸುರಿದರೆ ಒಡೆದೀತು. ಮರುದಿನ ನೋಡಿ, ಕಾಯಿ ಕುಡಿದು ವಿನಿಗರ್ ಇಳಿದಿದ್ದರೆ ಮುಳುಗುವಷ್ಟು ಮತ್ತೆ ಹಾಕಿ. ಎರಡು ವಾರದ ಮೇಲೆ ಬಳಸಿ.

ಮೂರನೆಯದು, ಬಾಳಕದ ಮೆಣಸಿನಕಾಯಿ. ಕೆಲವರು ಮಜ್ಜಿಗೆ ಮೆಣಸಿನಕಾಯಿ ಎನ್ನುತ್ತಾರೆ. ಇದಕ್ಕೆ ಎಣ್ಣೆಯ ಖರ್ಚಿಲ್ಲ, ವಿನಿಗರ್ ಖರ್ಚಿಲ್ಲ. ಕಿಲೋ ಕಾಯಿಗೆ ಹುಳಿಮಜ್ಜಿಗೆ ಒಂದು ಲೀಟರ್, ಉಪ್ಪು ೧೦೦ ಗ್ರಾಂ, ಒಂದು ಚಮಚ ಜೀರಿಗೆ ಅಥವಾ ಮೆಂತ್ಯದ ಪುಡಿ. ಬಾಳಕಕ್ಕೆ ಮಾತ್ರ ತೊಟ್ಟು ಇರಲಿ, ಕರಿಯುವಾಗ ಹಿಡಿಯಲು ಬೇಕು. ಹೊಟ್ಟೆಯ ಮೇಲೆ ಒಂದು ಸೀಳು ಹಾಕಿ. ರಾತ್ರಿ ಮಜ್ಜಿಗೆಯಲ್ಲಿ ನೆನೆಯಲಿ. ಬೆಳಿಗ್ಗೆ ಕಾಯನ್ನು ತೆಗೆದು ಮೊರದಲ್ಲಿ ಹರಡಿ ಬಿಸಿಲಿಗೆ ಇಡಿ. ಸಂಜೆ ಅದೇ ಮಜ್ಜಿಗೆಗೆ ಮತ್ತೆ ಹಾಕಿ. ಹೀಗೆ ಮೂರು ನಾಲ್ಕು ದಿನದಲ್ಲಿ ಮಜ್ಜಿಗೆಯೆಲ್ಲ ಕಾಯಿ ಹೀರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬರೀ ಬಿಸಿಲು. ರಾತ್ರಿ ಇಬ್ಬನಿಗೆ ಬಿಡದೆ ಒಳಗೆ ತನ್ನಿ. ಮುರಿದರೆ ಟಕ್ ಎಂದು ಮುರಿಯಬೇಕು, ಬಾಗಬಾರದು. ಕಿಲೋ ಕಾಯಿ ಒಣಗಿ ಕಾಲು ಕಿಲೋ ಆಸುಪಾಸಿಗೆ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮಳೆಗಾಲದಲ್ಲಿ ಬಿಸಿಲು ಬಂದ ದಿನ ಒಮ್ಮೆ ಹರಡಿ ತೆಗೆಯಿರಿ. ಸಂಕ್ರಾಂತಿ ಕಳೆದ ಮೇಲೆ, ಮೋಡವಿಲ್ಲದ ಬಿಸಿಲಿನ ದಿನಗಳೇ ಇದಕ್ಕೆ ಸರಿಯಾದ ಕಾಲ.

ಜಾಡಿ ತುಂಬಿದ ಮೇಲೆ ಕಾಪಾಡುವುದು ನಮ್ಮ ಕೈಯಲ್ಲಿದೆ. ದೊಡ್ಡ ಜಾಡಿಯನ್ನು ದಿನವೂ ತೆಗೆಯಬೇಡಿ. ವಾರಕ್ಕೆ ಬೇಕಾದಷ್ಟನ್ನು ಸಣ್ಣ ಬಾಟಲಿಗೆ ತೆಗೆದುಕೊಳ್ಳಿ. ಒದ್ದೆ ಸೌಟು, ಎಂಜಲು ಕೈ ಹಾಕಬೇಡಿ. ತೆಗೆದ ಮೇಲೆ ಉಳಿದ ಕಾಯನ್ನು ಒತ್ತಿ ಎಣ್ಣೆಯೊಳಗೆ ಮುಳುಗಿಸಿ. ವರ್ಷದೊಳಗೆ ಮುಗಿಸಿ. ಹಾಕಿದ ದಿನವನ್ನು ಒಂದು ಚೀಟಿಯಲ್ಲಿ ಬರೆದು ಜಾಡಿಗೆ ಅಂಟಿಸಿದರೆ ಮರೆಯುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮುಟ್ಟಾದ ಹೆಣ್ಣುಮಕ್ಕಳು ಜಾಡಿ ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂದು ಹೇಳಿ ಅವರನ್ನು ದೂರ ಇಡುವ ಮನೆಗಳಿವೆ. ಇದು ನಿಜವಲ್ಲ. ಕೆಡಿಸುವುದು ನೀರಿನ ಪಸೆ, ಸಾಲದ ಉಪ್ಪು, ಕೊಳೆತ ಕಾಯಿ. ಕೈ ಶುಭ್ರವಾಗಿ ಒಣಗಿದ್ದರೆ ಅದು ಯಾರ ಕೈಯಾದರೂ, ಯಾವ ದಿನವಾದರೂ ಒಂದೇ. ನಾನು ಹಾಳು ಮಾಡಿಸಿದ ಆ ಜಾಡಿಯ ತಪ್ಪು ಸಹ ಮೊದಲು ಆ ಮನೆಯ ಹುಡುಗಿಯ ತಲೆಗೇ ಬಂದಿತ್ತು. ತಪ್ಪು ನನ್ನದು ಎಂದು ನಾನು ಎಲ್ಲರ ಎದುರಿಗೆ ಒಪ್ಪಿಕೊಂಡ ಮೇಲೆ ಆ ಮಗುವಿನ ಮುಖ ಗೆಲುವಾಯಿತು.

ಕೆಟ್ಟದ್ದರ ಗುರುತು ತಿಳಿದಿರಲಿ. ಮುಚ್ಚಳ ಉಬ್ಬಿದ್ದರೆ, ತೆಗೆದಾಗ ಗಾಳಿ ಬುಸುಗುಟ್ಟಿದರೆ, ನೊರೆ ಬಂದರೆ, ಬೂಷ್ಟು ಕಟ್ಟಿದರೆ, ಕಾಯಿ ಲೋಳೆಯಾದರೆ, ವಾಸನೆ ಬದಲಾದರೆ ರುಚಿ ನೋಡಲೂ ಹೋಗಬೇಡಿ. ಮೇಲಿನ ಬೂಷ್ಟು ತೆಗೆದು ಕೆಳಗಿನದನ್ನು ತಿನ್ನುವುದೂ ಬೇಡ. ದನ, ಕೋಳಿ, ನಾಯಿಗಳಿಗೆ ಸಿಗದಂತೆ ಗುಂಡಿ ತೋಡಿ ಮುಚ್ಚಿಬಿಡಿ. ಅಳತೆ ತಪ್ಪಿ ಉಪ್ಪು, ಹುಳಿ ಕಡಿಮೆ ಹಾಕಿದ್ದೀರಿ ಎಂದು ತಡವಾಗಿ ನೆನಪಾದರೂ ಅಷ್ಟೆ. ವಾಸನೆ ಚೆನ್ನಾಗಿದೆ ಎಂದು ಧೈರ್ಯ ಮಾಡಬೇಡಿ. ಉಪ್ಪಿನಕಾಯಿ ಇನ್ನೊಂದು ಸಲ ಹಾಕಬಹುದು.

ಇನ್ನು ಬಳಸುವ ಬಗೆ. ಹಸಿಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಕಿತ್ತಳೆ ಹಣ್ಣಿಗಿಂತ ಹೆಚ್ಚಿದೆ. ಆದರೆ ಬಿಸಿಲಿಗೆ, ಕಾಲಕ್ಕೆ ಅದು ಬಹುಪಾಲು ಹೋಗುತ್ತದೆ. ಆದ್ದರಿಂದ ಉಪ್ಪಿನಕಾಯಿಯನ್ನು ರುಚಿಗೆ ತಿನ್ನಬೇಕು, ತರಕಾರಿಯ ಬದಲಿಗೆ ತಿನ್ನಬಾರದು. ನಾನು ಮೊದಲು ಹೇಳಿದ ರಕ್ತದ ಒತ್ತಡದ ಮಾತು ಸುಳ್ಳಲ್ಲ. ಹೇಳಿದ ಜಾಗ ತಪ್ಪು. ಉಪ್ಪನ್ನು ಜಾಡಿಯಲ್ಲಿ ಕಡಿಮೆ ಮಾಡಬಾರದು, ತಟ್ಟೆಯಲ್ಲಿ ಕಡಿಮೆ ಮಾಡಬೇಕು. ದೊಡ್ಡವರಿಗೆ ಇಡೀ ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಹೇಳಿದ ಅಳತೆಯ ಉಪ್ಪಿನಕಾಯಿ ೧೦ ಗ್ರಾಂ ತಿಂದರೆ ಒಂದು ಗ್ರಾಂಗಿಂತ ಹೆಚ್ಚು ಉಪ್ಪು ಅದರಲ್ಲೇ ಹೋಯಿತು. ಹಾಗಾಗಿ ಊಟಕ್ಕೆ ಒಂದು ಹೋಳು ಸಾಕು. ಆ ದಿನ ಸಾರಿಗೆ, ಪಲ್ಯಕ್ಕೆ ಉಪ್ಪು ಹಿಡಿದು ಹಾಕಿ. ರಕ್ತದ ಒತ್ತಡ ಇರುವವರು, ಹೊಟ್ಟೆಯುರಿ ಇರುವವರು, ಸಣ್ಣ ಮಕ್ಕಳು ಇದರಿಂದ ದೂರ ಇರುವುದೇ ಮೇಲು.

ಮುದ್ದೆಗೆ, ರೊಟ್ಟಿಗೆ ನಿಂಬೆರಸದ ಕಾಯಿ ಒಂದು ಹೋಳು ಇದ್ದರೆ ಸಾರು ತೆಳ್ಳಗಿದ್ದರೂ ಊಟ ಇಳಿಯುತ್ತದೆ. ಕಾಯಿ ಮುಗಿದ ಮೇಲೆ ಉಳಿದ ಮಸಾಲೆಯೆಣ್ಣೆಯನ್ನು ಚೆಲ್ಲಬೇಡಿ. ಚಿತ್ರಾನ್ನಕ್ಕೆ, ಉಪ್ಪಿಟ್ಟಿಗೆ ಒಂದು ಚಮಚ ಹಾಕಿ, ಆಗ ಬೇರೆ ಉಪ್ಪು ಕಡಿಮೆ ಸಾಕು. ವಿನಿಗರ್ ಕಾಯಿ ಮೀನಿನ ಸಾರು ಮಾಡುವವರಿಗೆ, ಈರುಳ್ಳಿ ಸೌತೆಕಾಯಿ ಹೆಚ್ಚಿ ತಿನ್ನುವವರಿಗೆ ಒಗ್ಗುತ್ತದೆ. ಬಾಳಕವನ್ನು ಕಾದ ಎಣ್ಣೆಯಲ್ಲಿ ಕರಿದು ಮೊಸರನ್ನದ ಜೊತೆ ಕಡಿದರೆ ಅದರ ಸುಖವೇ ಬೇರೆ. ಖಾರ ನೆತ್ತಿಗೇರಿದರೆ ನೀರು ಕುಡಿಯಬೇಡಿ. ಮೊಸರು, ಮಜ್ಜಿಗೆ ಅಥವಾ ಹಾಲು ಕುಡಿಯಿರಿ.

ಚೆನ್ನಾಗಿ ಬಂತು, ನಾಲ್ಕು ಕಾಸು ಮಾಡಿಕೊಳ್ಳೋಣ ಎನ್ನುವವರಿಗೆ ಒಂದು ಮಾತು. ಆಹಾರ ಪದಾರ್ಥ ತಯಾರಿಸಿ ಮಾರುವುದಾದರೆ, ಸಣ್ಣ ಪ್ರಮಾಣದಲ್ಲಾದರೂ, ೨೦೦೬ರ ಆಹಾರ ಸುರಕ್ಷತೆ ಕಾಯಿದೆಯಂತೆ ನೋಂದಣಿ ಬೇಕು. ಮನೆಗೆ ಹಾಕುವುದು ಬೇರೆ, ನೂರು ಮನೆಗೆ ಹಾಕುವುದು ಬೇರೆ. ಮೊದಲು ತರಬೇತಿ ಪಡೆಯಿರಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮೈಸೂರಿನಲ್ಲಿ ೧೯೫೦ರಲ್ಲಿ ಪ್ರಾರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ಇಂಥ ವಿಷಯಗಳಲ್ಲಿ ಸಂಶೋಧನೆ ನಡೆಸಿ ತರಬೇತಿಯನ್ನೂ ಕೊಡುತ್ತದೆ.

ಕೊನೆಗೆ ಆ ಮನೆಯ ಸುದ್ದಿ. ಮಾರನೆಯ ವರ್ಷ ನಾನು ಲೆಕ್ಕ ಬರೆದುಕೊಂಡು ಹೋದೆ. ಯಜಮಾನಿ ಈ ಸಲ ಐದು ಕಿಲೋ ಹಾಕಲಿಲ್ಲ, ಎರಡೇ ಕಿಲೋ ಹಾಕಿದರು. "ಮೊದ್ಲು ಎಲ್ಡು ಹಾಕ್ತೀನಿ, ನೆಟ್ಟಗಾದ್ರೆ ಆಮ್ಯಾಕೆ ನೋಡಾನ" ಅಂದರು. ಅದು ಬುದ್ಧಿವಂತರ ಮಾತು. ನೀವೂ ಮೊದಲ ಸಲ ಒಂದು ಕಿಲೋ, ಎರಡು ಕಿಲೋ ಮಾತ್ರ ಹಾಕಿ ನೋಡಿ. ಅಜ್ಜಿಯೇ ಮುಂದೆ ಕುಳಿತು ಒಂದೊಂದು ಕಾಯನ್ನೂ ಸೀಳಿದರು, ನಾನು ಉಪ್ಪು ತೂಗಿಕೊಟ್ಟೆ. ಆ ಜಾಡಿ ಮುಂದಿನ ಗೌರಿ ಹಬ್ಬದವರೆಗೂ ಬಂತು. ಹಬ್ಬದ ಮರುದಿನ ಹೋದಾಗ ಊಟಕ್ಕೆ ಕೂರಿಸಿ, ತಳದಲ್ಲಿ ಉಳಿದಿದ್ದ ಕೊನೆಯ ಎರಡು ಹೋಳನ್ನು ನನಗೇ ಬಡಿಸಿದರು.

ರೈತ ಬಾಂಧವರೇ, ತಾಯಂದಿರೇ, ಇನ್ನೊಮ್ಮೆ ನೆನಪು ಮಾಡುತ್ತೇನೆ. ತೊಟ್ಟಿರುವಾಗಲೇ ತೊಳೆಯಿರಿ, ಪಸೆ ಆರಿಸಿ, ಹೊಟ್ಟೆ ಸೀಳಿ. ನಿಂಬೆರಸದ ಉಪ್ಪಿನಕಾಯಿಗೆ ಕಿಲೋ ಕಾಯಿಗೆ ೨೦೦ ಗ್ರಾಂ ಉಪ್ಪು, ಕಾಲು ಲೀಟರ್ ರಸ. ವಿನಿಗರ್‌ಗೆ ನೀರು ಬೆರೆಸಬೇಡಿ. ಬಾಳಕ ಟಕ್ ಎಂದು ಮುರಿಯುವ ತನಕ ಒಣಗಿಸಿ. ನಿಮ್ಮ ಮನೆಯಲ್ಲಿ ವಯಸ್ಸಾದ ಅಜ್ಜಿ ಇದ್ದರೆ, ಜಾಡಿ ತುಂಬುವ ಮೊದಲು ಅವರನ್ನೊಂದು ಮಾತು ಕೇಳಿ.